ಹಳ್ಳಿಗರು ಅರಸುಮಗನೆಂದ ಪಾದ್ರಿ

ಮನೆಯಲ್ಲಿ ಅರವತ್ತು ದಾಟಿದ ಹಿರಿಯರಿದ್ದರೆ ವಿದ್ಯಾರ್ಥಿಗಳು ಅವರ ತೋಳನ್ನೊಮ್ಮೆ ನೋಡಬೇಕು. ಭುಜಕ್ಕಿಂತ ತುಸು ಕೆಳಗೆ, ಚರ್ಮ ಸುಕ್ಕಾದರೂ ಮಾಸದ ಒಂದೆರಡು ದುಂಡನೆಯ ಕಲೆಗಳು ಕಾಣಬಹುದು. ಸಿಡುಬಿನ ದಾಕು ಹಾಕಿಸಿಕೊಂಡ ಗುರುತು ಅದು. ಇಂದಿನ ಮಕ್ಕಳಿಗೆ ಆ ಗುರುತಿಲ್ಲ, ಅದರ ಅಗತ್ಯವೂ ಇಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಜಗತ್ತೇ ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ.

ಆದರೆ ಈ ದಾಕು ಕನ್ನಡ ನಾಡಿಗೆ ಬಂದದ್ದು ಅದಕ್ಕಿಂತ ಸುಮಾರು 175 ವರ್ಷಗಳ ಹಿಂದೆ. ಮೈಸೂರು ಸೀಮೆಯಲ್ಲಿ ಅದನ್ನು ಜನರಿಗೆ ಮುಟ್ಟಿಸಿದ ಮೊದಲಿಗರಲ್ಲಿ ಒಬ್ಬ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿಯೂ ಇದ್ದ. ಹಾಸನದ ಬಳಿಯ ಸಾತಳ್ಳಿಯಲ್ಲಿ ನೆಲೆ ಕಳೆದುಕೊಂಡವರಿಗೆ ಬೇಸಾಯದ ನೆಲೆ ಕಟ್ಟಿಕೊಟ್ಟವನೂ ಅವನೇ. ಹೆಸರು ಜ್ಯಾಂ ಆಂತ್ವಾನ್ ದುಬಾಯ್. ಫ್ರೆಂಚರ ಬಾಯಲ್ಲಿ ಅದು ‘ದ್ಯುಬ್ವಾ’ ಎಂದಾಗುತ್ತದೆ. ಇತಿಹಾಸದ ಪುಸ್ತಕಗಳಲ್ಲಿ ಅವನು ಅಬ್ಬೆ ದುಬಾಯ್. ‘ಅಬ್ಬೆ’ ಎನ್ನುವುದು ಫ್ರೆಂಚ್ ಪಾದ್ರಿಗಳ ಹೆಸರಿನ ಮುಂದೆ ಬರುವ ಗೌರವಸೂಚಕ ಮಾತು. ನಮ್ಮ ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ! ಎರಡಕ್ಕೂ ಸಂಬಂಧವಿಲ್ಲ, ಆದರೂ ಹೊಂದಿಕೊಂಡಿದೆ.

ಜನ ಮಾತ್ರ ಅವನನ್ನು ಈ ಯಾವ ಹೆಸರಿನಿಂದಲೂ ಕರೆಯಲಿಲ್ಲ. ಅವರಿಗೆ ಅವನು ‘ದೊಡ್ಡ ಸ್ವಾಮಿಯವರು’. ಅವನು ಹೊರಟುಹೋದ ಮೇಲೂ ಮೈಸೂರು ಸೀಮೆಯ ಜನ ಅವನನ್ನು ರಾಜಕುಮಾರನೊಬ್ಬನನ್ನು ನೆನೆಯುವಂತೆ ನೆನೆಯುತ್ತಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಬರಹಗಳು ಹೇಳುತ್ತವೆ. ದುಬಾಯ್ ಹುಟ್ಟಿದ್ದು ಅರಮನೆಯಲ್ಲಲ್ಲ. ದಕ್ಷಿಣ ಫ್ರಾನ್ಸಿನ ಆರ್ದೇಶ್ ಸೀಮೆಯ ಸೇಂತ್ ರೆಮೇಜ್ ಎಂಬ ಹಳ್ಳಿಯಲ್ಲಿ, 1766ರಲ್ಲಿ. ಹಳ್ಳಿಯ ಹುಡುಗನೊಬ್ಬ ಇನ್ನೊಂದು ದೇಶದ ಹಳ್ಳಿಗರ ಕಣ್ಣಿಗೆ ಅರಸುಮಗನಾದದ್ದು ಹೇಗೆಂಬುದೇ ಇಲ್ಲಿನ ಸ್ವಾರಸ್ಯ.

ಕ್ರಾಂತಿಯಿಂದ ತಪ್ಪಿಸಿಕೊಂಡವನು

ದುಬಾಯ್ ಪಾದ್ರಿಯಾಗಿ ದೀಕ್ಷೆ ಪಡೆದದ್ದು 1792ರಲ್ಲಿ. ಅದು ಫ್ರಾನ್ಸಿನಲ್ಲಿ ರಾಜ, ಕುಲೀನ, ಪಾದ್ರಿ ಈ ಮೂವರಿಗೂ ಕೇಡುಗಾಲ. ಕ್ರಾಂತಿಯ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡದ ಪಾದ್ರಿಗಳನ್ನು ದೇಶದಿಂದ ಓಡಿಸಲಾಗುತ್ತಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ನೂರಾರು ಪಾದ್ರಿಗಳ ಕೊಲೆಯಾಯಿತು. ದುಬಾಯ್ ಆ ವೇಳೆಗಾಗಲೇ ಪ್ಯಾರಿಸಿನ ವಿದೇಶ ಮಿಷನ್ ಸಂಘದ ಪರವಾಗಿ ಭಾರತದ ಹಡಗು ಹತ್ತಿದ್ದ. ಪಾಂಡಿಚೇರಿಗೆ ಬಂದಿಳಿದು ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿ ಕಳೆದ.

1799ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಮಡಿದ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ನೇಮಿಸಲಾಯಿತು. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯಿಂದ ಸೆರೆಹಿಡಿದು ತಂದಿದ್ದ ಕ್ರೈಸ್ತರಲ್ಲಿ ಬಲವಂತವಾಗಿ ಮತ ಬದಲಿಸಿದವರು ಬಹಳ ಮಂದಿ. ಈಗ ಅವರಿಗೆ ಬಿಡುಗಡೆಯಾಗಿತ್ತು. ಆದರೆ ಊರಿಲ್ಲ, ಹೊಲವಿಲ್ಲ, ಹೇಳಿಕೊಳ್ಳಲು ಯಾರೂ ಇಲ್ಲ. ಮೈಸೂರು ಸೀಮೆಯ ಮೂಲ ಕ್ರೈಸ್ತರೂ ಚೆದುರಿಹೋಗಿದ್ದರು. ಶ್ರೀರಂಗಪಟ್ಟಣದಲ್ಲಿ ಸೇನಾಧಿಕಾರಿಯಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್ಲೂ ಕದನ ಗೆದ್ದು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿದವನು, ದುಬಾಯ್ ಹೆಸರನ್ನು ಸೂಚಿಸಿದ. ಇಂಗ್ಲಿಷ್ ಸೇನಾಪತಿ ಫ್ರೆಂಚ್ ಪಾದ್ರಿಯನ್ನು ಶಿಫಾರಸು ಮಾಡಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಎರಡೂ ದೇಶಗಳು ಜಗತ್ತಿನ ನಾಲ್ಕೂ ಮೂಲೆಯಲ್ಲಿ ಕಚ್ಚಾಡುತ್ತಿದ್ದ ದಿನಗಳವು.

ಸಾತಳ್ಳಿಯ ಹೊಲಗಳು

ಯುದ್ಧದಿಂದ ಬಸವಳಿದ ಸೀಮೆ ಹೇಗಿರುತ್ತದೆಂದು ಇಂದು ಊಹಿಸುವುದು ಕಷ್ಟ. ಹೇಮಾವತಿಯ ಆಸುಪಾಸಿನ ನಾಡು, ಅಂದರೆ ಇಂದಿನ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಿನ ರಾಗಿ ಹೊಲಗಳ ಸೀಮೆ, ಮೂವತ್ತು ನಲವತ್ತು ವರ್ಷ ಒಂದಲ್ಲ ಒಂದು ದಂಡಿನ ತುಳಿತಕ್ಕೆ ಸಿಕ್ಕ ರಾಜ್ಯದ ಭಾಗವಾಗಿತ್ತು. ದಂಡು ಹಾದುಹೋದ ಕಡೆ ಎತ್ತು ಉಳಿಯುವುದಿಲ್ಲ, ಬಿತ್ತನೆಯ ಕಾಳೂ ಉಳಿಯುವುದಿಲ್ಲ. ರೈತ ಊರು ಬಿಟ್ಟರೆ ಹೊಲ ಎರಡೇ ಮಳೆಗಾಲದಲ್ಲಿ ಕುರುಚಲು ಕಾಡಾಗುತ್ತದೆ.

ದುಬಾಯ್ ಇಲ್ಲಿ ಮಾಡಿದ್ದು ಸರಳ ಲೆಕ್ಕ. ಬಡವನಿಗೆ ಒಂದು ದಿನದ ಅನ್ನ ಹಾಕಿದರೆ ಮರುದಿನ ಅವನು ಮತ್ತೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಅವನಿಗೆ ಬೇಕಾದದ್ದು ನೆಲ, ನೇಗಿಲು, ನೆರೆಹೊರೆ. ಹಾಗಾಗಿ ನಿರ್ಗತಿಕರನ್ನು ಒಟ್ಟುಗೂಡಿಸಿ ಬೇಸಾಯದ ವಸಾಹತುಗಳನ್ನು ಹೂಡಿದ. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿಯ ಸಾತಳ್ಳಿ. ಮುಂದೆ ಈ ಭಾಗದ ಒಕ್ಕಲುತನದ ಕ್ರೈಸ್ತರಿಗೆ ಅದೇ ಕೇಂದ್ರವಾಯಿತು. ಪ್ರವಾಸಿಗರು ಇಂದು ಮುಗಿಬಿದ್ದು ನೋಡುವ ಶೆಟ್ಟಿಹಳ್ಳಿಯ ಚರ್ಚನ್ನು ಇದರೊಂದಿಗೆ ಬೆರೆಸಬಾರದು. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಆ ಕಟ್ಟಡವೂ ಫ್ರೆಂಚ್ ಪಾದ್ರಿಗಳದೇ. ಆದರೆ ಅದು 1860ರ ಆಸುಪಾಸಿನದು, ಆಗ ದುಬಾಯ್ ಬದುಕಿರಲಿಲ್ಲ. ಅವನ ಹೆಸರು ಹೊತ್ತ ಚರ್ಚು ಇರುವುದು ಶ್ರೀರಂಗಪಟ್ಟಣದ ಗಂಜಾಮಿನಲ್ಲಿ.

ಅವನ ಬಾಳ್ವೆಯ ರೀತಿಯನ್ನು ಗಮನಿಸಬೇಕು. ಯುರೋಪಿಯನ್ನರ ಸಂಗವನ್ನು ಬಹುಮಟ್ಟಿಗೆ ಬಿಟ್ಟ. ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಗಡ್ಡ ಬಿಟ್ಟ. ಸುತ್ತಲಿನವರಿಗೆ ಹೇಸಿಗೆ ಹುಟ್ಟಿಸುವ ಆಹಾರವನ್ನು ಮುಟ್ಟಲಿಲ್ಲ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1806ರಲ್ಲಿ ಮದರಾಸಿಗೆ ಬರೆದ ಪತ್ರವೊಂದರಲ್ಲಿ ಬೆರಗಿನ ಸಂಗತಿ ಹೇಳುತ್ತಾನೆ. ಈ ಪಾದ್ರಿ ಊರಿನ ಕಡೆ ಬರುತ್ತಿದ್ದಾನೆಂದು ತಿಳಿದರೆ ಸಾಕು, ಅವನು ತಂಗಲೆಂದು ಬ್ರಾಹ್ಮಣರ ಮನೆಯೊಂದನ್ನು ತೆರವು ಮಾಡಿಕೊಡಲಾಗುತ್ತಿತ್ತು. ಅಮಲ್ದಾರರ ಅಪ್ಪಣೆಯಿಂದಲ್ಲ, ಅವರಾಗಿಯೇ. ಪರಂಗಿಯ ನೆರಳು ಬಿದ್ದರೂ ಮೈಲಿಗೆಯೆನ್ನುತ್ತಿದ್ದ ಕಾಲದಲ್ಲಿ ಇದು ನಡೆಯಿತೆಂಬುದನ್ನು ನೆನಪಿಡಬೇಕು. ಅರಸುಮಗನೆಂಬ ಪದವಿ ಸಿಕ್ಕಿದ್ದು ಇಂಥ ಊರುಗಳಲ್ಲಿ.

ಅಮ್ಮ ಬಂದ ಊರಿನಲ್ಲಿ ದಾಕು

ಈ ಗೌರವದ ನಿಜವಾದ ಪರೀಕ್ಷೆ ಬಂದದ್ದು ಸಿಡುಬಿನ ವಿಷಯದಲ್ಲಿ.

ಹಾಸನ ಸೀಮೆಯಲ್ಲಿ ಮಾರಮ್ಮನ ಗುಡಿಯಿಲ್ಲದ ಹಳ್ಳಿಯನ್ನು ಹುಡುಕುವುದು ಕಷ್ಟ. ಸಿಡುಬು ಬಂದರೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬೇವಿನ ಸೊಪ್ಪು ಹಾಸಿ, ಒಗ್ಗರಣೆ ನಿಲ್ಲಿಸಿ, ಬಂದವಳನ್ನು ತಣ್ಣಗೆ ಕಳುಹಿಸಿಕೊಡಲು ಬೇಡುತ್ತಿದ್ದರು. ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಹಿಡಿದ ಹತ್ತು ಮಂದಿಯಲ್ಲಿ ಮೂವರನ್ನು ಒಯ್ಯುತ್ತಿದ್ದ, ಉಳಿದವರಲ್ಲಿ ಹಲವರ ಕಣ್ಣು ಕಿತ್ತುಕೊಳ್ಳುತ್ತಿದ್ದ ರೋಗಕ್ಕೆ ಆಗ ಜಗತ್ತಿನ ಯಾವ ವೈದ್ಯನಲ್ಲೂ ಮದ್ದಿರಲಿಲ್ಲ. ರೋಗಿಯನ್ನು ಬೇರೆಯಿರಿಸಿ ತಂಪಾಗಿ ನೋಡಿಕೊಳ್ಳುವ ನಮ್ಮ ಅಜ್ಜಿಯರ ಕ್ರಮದಲ್ಲಿ ವಿವೇಕವೂ ಇತ್ತು.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಒಂದು ಪ್ರಯೋಗ ಮಾಡಿದ. ಹಸುವಿನ ಸಿಡುಬು ತಗುಲಿದ ಗೊಲ್ಲತಿಯ ಕೈಯ ಬೊಕ್ಕೆಯಿಂದ ರಸ ತೆಗೆದು ಎಂಟು ವರ್ಷದ ಹುಡುಗನ ತೋಳಿಗೆ ಹಾಕಿದ. ಆ ಹುಡುಗನಿಗೆ ಮುಂದೆ ಸಿಡುಬು ತಗುಲಲಿಲ್ಲ. 1798ರಲ್ಲಿ ಜೆನ್ನರ್ ತನ್ನ ಪುಸ್ತಕ ಪ್ರಕಟಿಸಿದ. ಲ್ಯಾಟಿನಿನಲ್ಲಿ ‘ವಾಕ’ ಎಂದರೆ ಹಸು, ‘ವ್ಯಾಕ್ಸಿನ್’ ಎಂಬ ಮಾತು ಹುಟ್ಟಿದ್ದು ಅದರಿಂದಲೇ.

ಆದರೆ ಆ ರಸ ಭಾರತಕ್ಕೆ ಬರುವುದು ಹೇಗೆ? ಮಂಜುಗಡ್ಡೆಯ ಪೆಟ್ಟಿಗೆ ಇಲ್ಲ, ವಿದ್ಯುತ್ ಇಲ್ಲ. ಹಡಗಿನ ಸೆಕೆಗೆ ರಸ ಕೆಟ್ಟುಹೋಗುತ್ತಿತ್ತು. ಕಂಡುಕೊಂಡ ಉಪಾಯ ಮನುಷ್ಯರನ್ನೇ ಸರಪಣಿಯಾಗಿಸುವುದು. ಒಂದು ಮಗುವಿಗೆ ದಾಕು ಹಾಕಿದರೆ ಸುಮಾರು ಎಂಟನೆಯ ದಿನ ಅದರ ತೋಳಿನ ಬೊಕ್ಕೆಯಲ್ಲಿ ರಸ ತುಂಬುತ್ತದೆ. ಅದನ್ನು ಸೂಜಿಯ ಮೊನೆಯಿಂದ ಇನ್ನೊಂದು ಮಗುವಿನ ತೋಳಿಗೆ, ಅಲ್ಲಿಂದ ಮತ್ತೊಂದಕ್ಕೆ. ಬಾಗ್ದಾದ್, ಬಸ್ರಾಗಳ ದಾರಿಯಲ್ಲಿ ಹೀಗೆ ತೋಳಿನಿಂದ ತೋಳಿಗೆ ಹಾದು ಬಂದ ದಾಕನ್ನು 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಲಾಯಿತು. ಭಾರತದಲ್ಲಿ ಮೊದಲು ದಾಕು ಹಾಕಿಸಿಕೊಂಡವಳು ಅವಳೇ. ಅವಳ ತೋಳಿನಿಂದ ಹೊರಟ ಸರಪಣಿ ದಕ್ಷಿಣಕ್ಕೂ ಹಬ್ಬಿತು.

ಈ ಸರಪಣಿಯಲ್ಲಿ ಒಂದು ತೊಡಕಿದೆ. ಎಂಟನೆಯ ದಿನ ಮುಂದಿನ ಮಗು ಸಿಗದಿದ್ದರೆ ಎಲ್ಲ ಮುಗಿಯಿತು, ರಸವನ್ನು ಮತ್ತೆ ದೂರದಿಂದ ತರಿಸಬೇಕು. ಅಂದರೆ ವಾರವಾರವೂ ಯಾರಾದರೂ ತಾಯಿ ಒಪ್ಪಲೇಬೇಕು. ಯಾವುದಕ್ಕೆ ಒಪ್ಪಬೇಕು? ಪರಕೀಯನೊಬ್ಬ ತನ್ನ ಆರೋಗ್ಯವಂತ ಕೂಸಿನ ತೋಳನ್ನು ಕೆರೆದು, ಬೇರೆ ಮನೆಯ, ಬಹುಶಃ ಬೇರೆ ಜಾತಿಯ ಕೂಸಿನ ಕೀವನ್ನು ಸೇರಿಸುವುದಕ್ಕೆ. ಮೇಲೆ ಅಮ್ಮನ ಮುನಿಸಿನ ಭಯ ಬೇರೆ. ಇಂದು ಆಸ್ಪತ್ರೆಯಲ್ಲಿ ಮಗುವಿಗೆ ಚುಚ್ಚುಮದ್ದು ಹಾಕಿಸುವಾಗ ಮುಖ ತಿರುಗಿಸಿಕೊಳ್ಳುವ ತಂದೆತಾಯಿಯರಿಗೆ ಆ ತಾಯಂದಿರ ಎದೆ ಹೇಗೆ ಹೊಡೆದುಕೊಂಡಿರಬೇಕೆಂದು ಅರ್ಥವಾಗುತ್ತದೆ.

ಮೈಸೂರು ರಾಜ್ಯದಲ್ಲಿ ಈ ಕೆಲಸಕ್ಕೆ ದುಬಾಯ್ ಕೈಹಾಕಿದ. 1803–04ರ ಲೆಕ್ಕದಲ್ಲಿ ಅವನೂ ಅವನ ದೇಶೀಯ ಸಹಾಯಕನೂ ದಾಕು ಹಾಕಿದ್ದು 25,432 ಮಂದಿಗೆ. ಪೂರಾ ಎರಡು ವರ್ಷವೆಂದೇ ಹಿಡಿದರೂ ದಿನಕ್ಕೆ 34ಕ್ಕಿಂತ ಹೆಚ್ಚು. ಬಸ್ಸಿಲ್ಲದ, ಸರಿಯಾದ ರಸ್ತೆಯಿಲ್ಲದ ಕಾಲದ ಲೆಕ್ಕವಿದು. ಇತಿಹಾಸ ನೆನೆಯುವುದು ಪಾದ್ರಿಯನ್ನು, ಆದರೆ ಸೂಜಿ ಹಿಡಿದ ಕೈಗಳಲ್ಲಿ ಈ ನೆಲದವನೊಬ್ಬನದೂ ಇತ್ತು.

ಅರಮನೆಯೂ ಸುಮ್ಮನಿರಲಿಲ್ಲ. 1805ರಲ್ಲಿ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಮೈಸೂರಿನ ಮೂವರು ರಾಜಸ್ತ್ರೀಯರ ತೈಲಚಿತ್ರ ಬರೆದ. ಅದರಲ್ಲಿ ಕಿರಿಯ ರಾಣಿ ಸೆರಗನ್ನು ತುಸು ಸರಿಸಿ ತೋಳನ್ನು ತೋರಿಸುವಂತೆ ನಿಂತಿದ್ದಾಳೆ. ರಾಣಿವಾಸದವರು ದಾಕು ಹಾಕಿಸಿಕೊಂಡದ್ದನ್ನು ಪ್ರಜೆಗಳಿಗೆ ಸಾರುವ ಚಿತ್ರ ಇದೆಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ದುಬಾಯ್‌ನ ಪ್ರಸಿದ್ಧ ಭಾವಚಿತ್ರವೂ ಇದೇ ಹಿಕಿಯ ಕುಂಚದ್ದು. ಜನರನ್ನು ಒಪ್ಪಿಸಲು ಅರಮನೆಗೆ ರಾಣಿಯ ತೋಳು ಬೇಕಾಯಿತು. ಪಾದ್ರಿಯ ಬಳಿ ಇದ್ದದ್ದು ಹಳ್ಳಿಗಳಲ್ಲಿ ಕಳೆದ ವರ್ಷಗಳ ಪರಿಚಯ ಮಾತ್ರ.

ಕೊಂಡಾಡುವವರು ಮರೆಯುವುದು

ಇಷ್ಟಕ್ಕೇ ನಿಲ್ಲಿಸಿದರೆ ದುಬಾಯ್ ಸಂತನಾಗಿಬಿಡುತ್ತಾನೆ. ಆದರೆ ಅವನ ಬರಹಗಳನ್ನು ಓದಿದವರಿಗೆ ಬೇರೆ ಮುಖವೂ ಕಾಣುತ್ತದೆ.

ಹಿಂದೂಗಳ ಆಚಾರ, ಪದ್ಧತಿ, ವಿಧಿಗಳ ಬಗ್ಗೆ ಅವನು ಸಿದ್ಧಪಡಿಸಿದ ಹಸ್ತಪ್ರತಿ ವಿಲ್ಕ್ಸ್‌ನ ಕೈಸೇರಿ, ಅಲ್ಲಿಂದ ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್‌ಗೆ ಹೋಯಿತು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನು 2,000 ವರಹ ಕೊಟ್ಟು ಕೊಂಡಿತು. ಇಂಗ್ಲಿಷಿನಲ್ಲಿ ಮೊದಲು ಅಚ್ಚಾದದ್ದು 1816ರ ವೇಳೆಗೆ. ಅವನು ತಿದ್ದಿದ ಪ್ರತಿಯಿಂದ ಬೋಶಾಂಪ್ ಮಾಡಿದ ಅನುವಾದ 1897ರಲ್ಲಿ ಮ್ಯಾಕ್ಸ್ ಮುಲ್ಲರರ ಮುನ್ನುಡಿಯೊಂದಿಗೆ ಬಂತು. ಇಂದಿಗೂ ಅದು ಓದುಗರ ಕೈಯಲ್ಲಿದೆ. ಅದರಲ್ಲಿ ಬ್ರಾಹ್ಮಣರ ಬಗ್ಗೆ ಮುಳ್ಳಿನ ಮಾತುಗಳಿವೆ, ಅಸ್ಪೃಶ್ಯರ ಬಗ್ಗೆ ಕರುಣೆಯೂ ತಾತ್ಸಾರವೂ ಬೆರೆತ ಮಾತುಗಳಿವೆ. ಜಾತಿ ವ್ಯವಸ್ಥೆಯನ್ನು ಹಿಂದೂ ಶಾಸನಕಾರರ ಮೇಲಾದ ಕೃತಿಯೆಂದೇ ಅವನು ಹೊಗಳುತ್ತಾನೆ. ಬಡವರ ನಡುವೆ ಮೂವತ್ತು ವರ್ಷ ಬಾಳಿದವನು ಆ ಬಡತನದ ಬೇರನ್ನು ಸಮಾಜದ ಬೇಲಿಯೆಂದು ತಿಳಿದ! ಈ ಭಾಗದ ಕ್ರೈಸ್ತರಲ್ಲಿ ಹಳೆಯ ಜಾತಿಯ ಗೆರೆಗಳು ಬಹುಕಾಲ ಅಳಿಯದೆ ಉಳಿದವು. ಅದರಲ್ಲಿ ಅವನ ಪಾಲನ್ನು ಅಲ್ಲಗಳೆಯುವಂತಿಲ್ಲ.

ಪುಸ್ತಕದ ಕೀರ್ತಿಯೂ ಪೂರ್ತಿ ಅವನದಲ್ಲ. ಜೆಸ್ಯೂಟ್ ಪಾದ್ರಿ ಗಾಸ್ತೋಂ ಕೂರ್ದೂ ಅವನಿಗಿಂತ ಮೊದಲೇ ಬರೆದಿಟ್ಟಿದ್ದ ಟಿಪ್ಪಣಿಗಳೇ ಅದರ ದೊಡ್ಡ ಭಾಗಕ್ಕೆ ಮೂಲವೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗಳಿಗೂ ಇರುವ ನಂಟನ್ನು 1767ರಲ್ಲೇ ಗುರುತಿಸಿದ ಪ್ರತಿಭಾವಂತ ಈ ಕೂರ್ದೂ. ಅವನ ಹೆಸರನ್ನು ದುಬಾಯ್ ಎತ್ತಬೇಕಿತ್ತು.

ಆದರೆ ತನ್ನ ಕಸುಬಿನ ಬಗ್ಗೆ ಅವನಷ್ಟು ನಿಷ್ಠುರವಾಗಿ ಸತ್ಯ ಹೇಳಿದ ಪಾದ್ರಿಗಳು ವಿರಳ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪತ್ರಗಳಲ್ಲಿ ಒಂದು ಲೆಕ್ಕವಿದೆ. ಇಷ್ಟು ವರ್ಷ ಬೋಧಿಸಿ ತಾನು ಹೊಸದಾಗಿ ಕ್ರೈಸ್ತರನ್ನಾಗಿಸಿದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರ, ಅವರಲ್ಲೂ ಹಲವರು ಮದುವೆ ಸಂಬಂಧಕ್ಕೋ ಬೇರೆ ಪ್ರಯೋಜನಕ್ಕೋ ಬಂದವರು ಎಂದು ಮುಚ್ಚುಮರೆಯಿಲ್ಲದೆ ಬರೆದ. ಇಂಗ್ಲೆಂಡಿನ ಮಿಷನರಿ ವಲಯದಲ್ಲಿ ಕೋಲಾಹಲವೆದ್ದು, ಅವನನ್ನು ಖಂಡಿಸುವ ಪುಸ್ತಕಗಳೇ ಹೊರಬಂದವು. ಮತಕ್ಕೆ ತಂದವರು ಹೆಚ್ಚೆಂದರೆ ಮುನ್ನೂರು, ತೋಳು ಒಡ್ಡಿದವರು ಇಪ್ಪತ್ತೈದು ಸಾವಿರ. ಸಿಡುಬಿನ ಸೂಜಿ ಹಿಡಿದಾಗ ಅವನು ಯಾರ ದೇವರನ್ನೂ ಬದಲಿಸಲು ಹೋಗಲಿಲ್ಲವೆಂಬುದಕ್ಕೆ ಈ ಎರಡು ಅಂಕಿಗಳೇ ಸಾಕ್ಷಿ.

1823ರ ಜನವರಿ 15ರಂದು ದುಬಾಯ್ ಭಾರತ ಬಿಟ್ಟ. ಕಂಪನಿ ಅವನಿಗೆ ವಿಶ್ರಾಂತಿ ವೇತನ ಗೊತ್ತುಮಾಡಿತು. ಪ್ಯಾರಿಸಿನಲ್ಲಿ ತನ್ನನ್ನು ಕಳುಹಿಸಿದ ಮಿಷನ್ ಸಂಘದ ಗುರುಮಠದಲ್ಲೇ ಸೇರಿಕೊಂಡು, 1836ರಿಂದ 1839ರವರೆಗೆ ಅದರ ಮುಖ್ಯಸ್ಥನೂ ಆದ. ನಮ್ಮ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದ. ಇತ್ತ ಬರಲು ಸಿದ್ಧರಾಗುತ್ತಿದ್ದ ಕಿರಿಯ ಪಾದ್ರಿಗಳ ನಡುವೆ ಅವನ ಮುಪ್ಪು ಕಳೆಯಿತು. ಅವನು ತೀರಿಕೊಂಡದ್ದು 1848ರ ಫೆಬ್ರವರಿ 17ರಂದು, 82ನೆಯ ವಯಸ್ಸಿನಲ್ಲಿ. ಅದಾದ ಐದು ದಿನಕ್ಕೆ ಪ್ಯಾರಿಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ಭುಗಿಲೆದ್ದಿತು, ಫ್ರಾನ್ಸಿನ ಕೊನೆಯ ರಾಜ ಸಿಂಹಾಸನ ಬಿಟ್ಟು ಓಡಿದ.